ಗ್ಲಾಸು ಹಿಡಿದ ಕೈ

ನನ್ನದು ಅನುಮಾನದ ಸ್ವಭಾವ. ಹಾಲಿನವನು ಅಳೆದು ಹಾಕುವಾಗ ಹಾಲನ್ನು ನೋಡದೆ ಅವನ ಹೆಬ್ಬೆರಳನ್ನು ನೋಡುವವಳು ನಾನು. ಮೂವತ್ತು ವರ್ಷ ಪಿಯು ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸಿದೆ. ಮೊದಲು ಹೊಸದುರ್ಗ, ಆಮೇಲೆ ಹೊಳಲ್ಕೆರೆ, ಕೊನೆಗೆ ಚಿತ್ರದುರ್ಗ. ಲ್ಯಾಬಿನ ಕಪಾಟಿನಲ್ಲಿ ಬಣ್ಣವಿಲ್ಲದ ಹತ್ತು ಬಾಟಲಿಗಳಿದ್ದರೆ ಒಂದರಲ್ಲಿ ನೀರು, ಇನ್ನೊಂದರಲ್ಲಿ ಆಸಿಡ್ಡು. ನೋಡುವುದಕ್ಕೆ ಎರಡೂ ಒಂದೇ. ಅಂಥ ಕಪಾಟಿನ ಮುಂದೆ ಆಯುಷ್ಯ ಕಳೆದವಳಿಗೆ ಯಾರ ಮೇಲೂ ಬೇಗ ನಂಬಿಕೆ ಬರುವುದಿಲ್ಲ. ನಮ್ಮ ಯಜಮಾನರು ಬದುಕಿದ್ದಾಗ, "ನಾನು ಕಾಫಿ ಮಾಡಿಕೊಟ್ಟರೂ ಮೊದಲು ಮೂಸ್ತೀಯಲ್ಲೇ" ಎಂದು ನಗುತ್ತಿದ್ದರು.

ಹೋದ ತಿಂಗಳು ಸೊಪ್ಪು ತರಲು ಹೋದಾಗ ಸೊಪ್ಪಿನಾಕೆ ಹೇಳಿದಳು. "ನಿಮ್ಮ ಕಾಕ್‌ಟೇಲ್‌ನೋರು ಗಾಡಿ ಕೊಟ್ಟು ಹೋದ್ರಂತಲ್ಲ ಮೇಡಮ್ನೋರೇ. ಮೊಣಕಾಲು ನಿಲ್ಲಾಕೆ ಬಿಡಲಿಲ್ವಂತೆ. ಹೊಸದುರ್ಗದ ಕಡೆ ತಂಗಿ ಮನೇಗೆ ಹೋದ್ರಂತೆ."

ಅವಳು 'ನಿಮ್ಮ' ಎಂದದ್ದು ಎದೆಗೆ ನಾಟಿತು. ಮೂರು ವರ್ಷದ ಹಿಂದೆ ಅವರ ಗಾಡಿಯನ್ನು ಆಸ್ಪತ್ರೆಯ ಓಣಿಯಿಂದ ಎತ್ತಿಸಿಯೇ ಸಿದ್ಧ ಎಂದು ಸೆರಗು ಕಟ್ಟಿ ನಿಂತವಳು ನಾನೇ. ಅವರು ಹೋಗುವಾಗ ನನಗೊಂದು ಮಾತು ಹೇಳಿ ಹೋಗಲಿಲ್ಲವೆಂದು ಈಗ ಬೇಜಾರು ಮಾಡಿಕೊಂಡವಳೂ ನಾನೇ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುವುದಿಲ್ಲ. ಯಾರಾದರೂ ಹೆಸರು ಕೇಳಿದರೆ, "ಹೆಸರು ತಗಂಡು ಏನ್ ಮಾಡ್ತೀರಿ, ಗ್ಲಾಸ್ ತೊಳೆದೈತಾ ನೋಡ್ರಿ" ಎನ್ನುತ್ತಿದ್ದ ಮನುಷ್ಯ.

ಚಿತ್ರದುರ್ಗದಲ್ಲಿ ಹೆರಿಗೆ ಆಸ್ಪತ್ರೆಯೊಂದರ ಓಣಿ. ಬೇವಿನ ಮರದ ಕೆಳಗೆ ನೀಲಿ ಬಣ್ಣದ ತಳ್ಳುಗಾಡಿ. ಅದರ ಮೇಲೆ ತಲೆಕೆಳಗಾಗಿ ತೂಗುಬಿಟ್ಟ ಕಾಲುಳ್ಳ ಗ್ಲಾಸುಗಳು, ಥಳಥಳ ಹೊಳೆಯುವ ಸ್ಟೀಲ್ ಶೇಕರ್ ಒಂದು. ಎದುರಿಗೆ ಬೋರ್ಡು: 'ಬಸುರಿ ಹೆಂಗಸರಿಗೆ ಮಾತ್ರ. ಅಮಲಿಲ್ಲದ ಕಾಕ್‌ಟೇಲ್.' ಮೊದಲ ಸಲ ಓದಿದಾಗಲೇ ನನ್ನ ಹುಬ್ಬು ಮೇಲಕ್ಕೇರಿತು. ಹಾಲಿನಂಗಡಿಯವರು ವಿಷವಿಲ್ಲದ ಹಾಲು ಎಂದು ಬೋರ್ಡು ಹಾಕುತ್ತಾರೆಯೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

ಅವತ್ತು ನನ್ನ ಜೊತೆ ಮಗಳು ಕಾವ್ಯ ಇದ್ದಳು. ಅಳಿಯನಿಗೆ ಹಿರಿಯೂರಿನ ಪಶು ಆಸ್ಪತ್ರೆಯಲ್ಲಿ ಕೆಲಸ. ಕಾವ್ಯಳಿಗೆ ಆಗ ಐದನೇ ತಿಂಗಳು. ಅದಕ್ಕೆ ಮೊದಲಿನ ಎರಡು ಬಸುರು ನಿಂತಿರಲಿಲ್ಲ. ಒಂದು ಮೂರಕ್ಕೆ ಹೋಯಿತು, ಇನ್ನೊಂದು ಐದಕ್ಕೆ. ಹಾಗಾಗಿ ಈ ಸಲ ನಾನೇ ಹೋಗಿ ಅವಳನ್ನು ಹಿರಿಯೂರಿನಿಂದ ಕರೆದುಕೊಂಡು ಬಂದಿದ್ದೆ. ಅವಳು ತಿನ್ನುವುದನ್ನು ನಾನೇ ಮಾಡಬೇಕು, ಕುಡಿಯುವುದನ್ನು ನಾನೇ ಕಾಯಿಸಬೇಕು. ಬಿಸಿ ಹಾಲಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ನಾನು ತಣ್ಣೀರನ್ನೂ ಊದುತ್ತಿದ್ದೆ.

ಕಾವ್ಯ ಗಾಡಿಯ ಮುಂದೆ ನಿಂತೇಬಿಟ್ಟಳು. ಅವರು ಅವಳ ಮುಖ ನೋಡಲಿಲ್ಲ. ಅರವತ್ತರ ಹತ್ತಿರದ ವಯಸ್ಸು, ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಬಿಳಿ ಅಂಗಿ, ಹೆಗಲ ಮೇಲೆ ಮೂರು ಮಡಿಕೆಯ ಒಗೆದ ಬಟ್ಟೆ.

"ಎಷ್ಟನೇದಮ್ಮ?"

"ಐದು."

"ಕಾರ್ಡ್ ತೋರ್ಸ್ರಿ."

ಬಸುರಿಯರಿಗೆ ಸರ್ಕಾರದವರು ಕೊಡುವ ತಾಯಿ ಕಾರ್ಡನ್ನು ಅವರು ಕೇಳಿದ್ದು. ತೂಕ, ಬಿಪಿ, ರಕ್ತ, ಸಕ್ಕರೆ ಎಲ್ಲ ಅದರಲ್ಲಿ ಬರೆದಿರುತ್ತದೆ. ನನಗೆ ತಡೆಯಲಾಗಲಿಲ್ಲ.

"ಜ್ಯೂಸ್ ಕುಡಿಯೋಕೆ ಕಾರ್ಡ್ ಯಾಕ್ರಿ?"

"ಅಲ್ಲಿ ಕೇಳ್ತಿರಲಿಲ್ಲ ಮೇಡಂ. ಇಲ್ಲಿ ಕೇಳ್ತೀನಿ."

"ಅಲ್ಲಿ ಅಂದ್ರೆ ಎಲ್ಲಿ?"

"ಬಾರಲ್ಲಿ. ಇಪ್ಪತ್ತೆರಡು ವರ್ಷ."

ಮುಚ್ಚುಮರೆ ಇಲ್ಲದೆ ಹೇಳಿದರು. ಅದು ಇನ್ನೂ ಅನುಮಾನಕ್ಕೆ ಕಾರಣವಾಯಿತು. ಏನೋ ಮುಚ್ಚಿಡಬೇಕಾದವರು ಅರ್ಧವನ್ನು ತಾವೇ ಬಿಚ್ಚಿ ತೋರಿಸುತ್ತಾರೆ ಎನ್ನುವುದು ಪರೀಕ್ಷಾ ಕೊಠಡಿಯಲ್ಲಿ ಚೀಟಿ ಹಿಡಿದು ಹಿಡಿದು ನಾನು ಕಂಡುಕೊಂಡ ಸತ್ಯ.

ಕಾರ್ಡನ್ನು ಅವರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರು. ಆಮೇಲೆ ಕೆಲಸ ಶುರು. ಪಾನೀಯಗಳಿಗೆ ಅವರು ಹೆಸರಿಟ್ಟಿರಲಿಲ್ಲ, ತಿಂಗಳು ಇಟ್ಟಿದ್ದರು. ಮೂರನೇದು ಎಂದರೆ ನೆಲ್ಲಿಕಾಯಿ, ಶುಂಠಿ, ಪುದೀನ, ವಾಂತಿಯವರಿಗೆ. ಐದನೇದು ದಾಳಿಂಬೆ ರಸಕ್ಕೆ ನಿಂಬೆ, ಚೂರು ಕಾಳುಮೆಣಸು. ಏಳನೇದು ಹಿರಿಯೂರು ಕಡೆಯ ಎಳನೀರು, ಸೌತೆಕಾಯಿ. ಒಂಬತ್ತನೇದರಲ್ಲಿ ಹುರಿದ ಜೀರಿಗೆ. ಪರಂಗಿ, ಅನಾನಸ್ ಗಾಡಿಗೆ ಬರುವಂತಿರಲಿಲ್ಲ. ಅದರಲ್ಲಿ ಏನೂ ಆಗಲ್ಲವೆಂದು ಯಾರಾದರೂ ಓದಿದವರು ವಾದಿಸಿದರೆ, "ಇರಬೋದು. ಅತ್ತೆ ಒಪ್ಪದ ಹಣ್ಣು ನನ್ ಗಾಡಿಗೆ ಬ್ಯಾಡ" ಎನ್ನುತ್ತಿದ್ದರು. ಐಸನ್ನು ಕುದಿಸಿ ಆರಿಸಿದ ನೀರಿನಲ್ಲಿ ಮನೆಯಲ್ಲೇ ಮಾಡಿ ತರುತ್ತಿದ್ದರು. ಎಲ್ಲ ಶೇಕರಿಗೆ ಹಾಕಿ ಕಿವಿಯ ಪಕ್ಕ ಹಿಡಿದು ಕುಲುಕುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ರುಚಿ ನೋಡುತ್ತಿರಲಿಲ್ಲ. ಮೂಸುತ್ತಿದ್ದರು, ಅಷ್ಟೇ.

ಕೊನೆಗೆ ಗಾಡಿಯ ಒಳಗಿಂದ ಚೀಟಿ ಇಲ್ಲದ ಕಂದು ಬಾಟಲಿ ತೆಗೆದು ಐದು ಹನಿ ಬಿಟ್ಟರು.

"ಅದೇನದು?"

"ಕಿತ್ತಳೆ ಸಿಪ್ಪೆ, ಶುಂಠಿ, ಬೆಲ್ಲದ ನೀರು. ಮನೇಲಿ ನೆನೆಹಾಕಿದ್ದು. ಇದಿಲ್ದಿದ್ರೆ ಬರೀ ಜ್ಯೂಸು ಮೇಡಂ."

ಕಾವ್ಯ ಅಲ್ಲೇ ನಿಂತು ಪೂರ್ತಿ ಕುಡಿದಳು. "ಅಮ್ಮ, ಎಷ್ಟೋ ದಿನದ ಮೇಲೆ ಒಂದು ಹೊಟ್ಟೇಲಿ ನಿಂತ್ಕಂಡಂಗಾತು" ಎಂದಳು. ನನಗೆ ಆ ಕಂದು ಬಾಟಲಿ ಮಾತ್ರ ಕಣ್ಣಲ್ಲಿ ನಿಂತಿತು.

ಅಲ್ಲಿಂದ ವಾರಕ್ಕೆರಡು ಸಲವಾದರೂ ಅವಳು ಅಲ್ಲಿಗೆ ಹೋಗಬೇಕು, ನಾನು ಕಾವಲಿಗೆ ನಿಲ್ಲಬೇಕು. ಹಾಗೆ ನಿಂತಾಗ ಕಂಡದ್ದು ಒಂದು ಹೇಳುತ್ತೇನೆ. ತುರುವನೂರು ಕಡೆಯ ಕುರಿಯವರ ಮನೆಯ ಹೆಣ್ಣುಮಗಳೊಬ್ಬಳು ತಪಾಸಣೆಗೆ ಬಂದಿದ್ದಳು. ಆ ಕಾಲುಳ್ಳ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಬಣ್ಣವನ್ನು ಬಿಸಿಲಿಗೆ ಹಿಡಿದು ನೋಡಿ ಕೇಳಿದಳು.

"ಅಣ್ಣಾ, ನಮ್ಮನೆಯೋರು ದಿನಾ ಕುಡಿಯಾದು ಇದ್ನೇ ಏನು?"

"ಅಲ್ಲವ್ವ. ಅವರು ಕುಡಿಯೋದು ಕಹಿ ಐತೆ."

"ಕಹಿ ಆದ್ರೆ ಯಾಕ್ ಕುಡೀತಾರೆ ಮತ್ತೆ?"

ಅವರು ಒರೆಸಿದ್ದ ಗ್ಲಾಸನ್ನೇ ಮತ್ತೆ ಒರೆಸಿದರು. ಅವಳು ಹೋದ ಮೇಲೆ ನನ್ನ ಕಡೆ ತಿರುಗದೆ, "ಇವರಿಗೆ ಜ್ಯೂಸ್ ಬೇಕಾಗಿರಲ್ಲ ಮೇಡಂ. ಗಂಡ ಹಿಡಿಯೋ ಗ್ಲಾಸು ಒಂದ್ ಸಲ ಹಿಡೀಬೇಕು ಅಂತ ಇರ್ತೈತೆ. ಅದೂ ಬಯಕೆನೇ" ಎಂದರು. ಚಂದದ ಮಾತು. ಚಂದದ ಮಾತಾಡುವ ವ್ಯಾಪಾರಿಗಳ ಬಗ್ಗೆ ನನಗೆ ಮೊದಲಿಂದಲೂ ಭಯ.

ಬಾರು ಬಿಟ್ಟು ಇದನ್ನು ಯಾಕೆ ಹಿಡಿದಿರಿ ಎಂದು ಎಲ್ಲರೂ ಕೇಳುತ್ತಿದ್ದರು. ನಮ್ಮ ಪಕ್ಕದ ಮನೆಯ ಗಿರಿಜಕ್ಕನಿಗೆ, "ಹೊಗೆ ಆಗಿ ಬರಲಿಲ್ಲ, ಡಾಕ್ಟ್ರು ಬಿಡು ಅಂದ್ರು" ಎಂದಿದ್ದರು. ಕಾವ್ಯಳಿಗೆ, "ಮಾಲೀಕರು ಬಾರ್ ಮಾರಿದ್ರಮ್ಮ" ಎಂದಿದ್ದರು. ಒಂದೇ ಪ್ರಶ್ನೆಗೆ ಎರಡು ಉತ್ತರ ಬಂದರೆ ನಾನು ಸುಮ್ಮನಿರುವ ಜಾತಿಯಲ್ಲ. ಹುಡುಗರ ರೆಕಾರ್ಡ್ ಪುಸ್ತಕದಲ್ಲಿ ಹಾಗೆ ಕಂಡರೆ ಕೆಂಪು ಶಾಯಿ ಎಳೆಯುತ್ತಿದ್ದೆ.

ಒಂದು ಸಂಜೆ ಒಬ್ಬಳೇ ಹೋಗಿ, ಮಗಳಿಗೆ ಮನೆಗೆ ಒಯ್ಯಬೇಕು ಎಂದೆ. ಅವರು ನನ್ನನ್ನೊಮ್ಮೆ, ನನ್ನ ಕೈಲಿದ್ದ ಬಿರಡೆಯ ಬಾಟಲಿಯನ್ನೊಮ್ಮೆ ನೋಡಿದರು. ತುಂಬಿಸಿಕೊಟ್ಟರು. ಮರುದಿನ ಬೆಳಿಗ್ಗೆ ಅದು ನಮ್ಮ ಹಳೇ ಕಾಲೇಜಿನ ಲ್ಯಾಬ್ ಸೇರಿತು. ಅಟೆಂಡರ್ ಓಬಣ್ಣ ಇನ್ನೂ ನೌಕರಿಯಲ್ಲಿದ್ದ. ನನ್ನ ಮಾತನ್ನು ನಿವೃತ್ತಿಯಾದ ಮೇಲೂ ತೆಗೆದುಹಾಕದವನು ಅವನೊಬ್ಬನೇ.

"ಏನ್ ಮೇಡಂ ಇದು, ಮೂತ್ರಾನಾ?"

"ಬಾಯಿ ಮುಚ್ಚಿ ಸ್ಪಿರಿಟ್ ದೀಪ ಹಚ್ಚು ಓಬಣ್ಣ."

ಕುದಿಸಿ ಆವಿ ಹಿಡಿದು, ತಣಿಸಿ ಇಳಿಸಿದ ನೀರಿಗೆ ಕಾಸ್ಟಿಕ್ ಸೋಡಾ ಹಾಕಿ, ಅಯೋಡಿನ್ ಬೆರೆಸಿ ಬೆಚ್ಚಗೆ ಮಾಡಿದೆ. ಮದ್ಯಸಾರವಿದ್ದರೆ ಹಳದಿ ಪುಡಿ ಕೂರುತ್ತದೆ, ಹಳೇ ಆಸ್ಪತ್ರೆಯ ವಾಸನೆ ಬರುತ್ತದೆ. ಎಷ್ಟೋ ಬ್ಯಾಚಿನ ಮಕ್ಕಳಿಗೆ ಕಲಿಸಿದ ಪರೀಕ್ಷೆ. ನಳಿಕೆಯ ತಳದಲ್ಲಿ ತೆಳ್ಳಗೆ ಹಳದಿ ಕೂತಿತು. ವಾಸನೆಯೂ ಬಂತು.

ನನಗೆ ಗೆದ್ದ ಖುಷಿಯಾಯಿತು. ನಾಚಿಕೆಯ ಮಾತು, ಆದರೂ ಬರೆಯಬೇಕು. ಮಗಳು ವಾರಗಟ್ಟಲೆ ಅದನ್ನು ಕುಡಿದಿದ್ದಾಳೆ ಎಂಬ ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಖುಷಿ.

ಪೊಲೀಸರ ಹತ್ತಿರ ಹೋಗಲಿಲ್ಲ, ಗಾಡಿಯವರನ್ನೂ ಕೇಳಲಿಲ್ಲ. ಗಿರಿಜಕ್ಕನಿಗೆ ಹೇಳಿದೆ. "ನಾನು ಹೇಳೋದಲ್ಲ ಗಿರಿಜಕ್ಕ, ಟೆಸ್ಟ್ ಹೇಳ್ತೈತೆ" ಎಂದೆ. ಗಿರಿಜಕ್ಕನಿಗೆ ಹೇಳುವುದೂ ಡಂಗುರ ಹೊಡೆಸುವುದೂ ಒಂದೇ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ನಂಬುವುದಿಲ್ಲ. ಇಲ್ಲಂತೂ ಈಚಲ ಮರವೇ ಗಾಡಿ ಹಾಕಿಕೊಂಡು ನಿಂತಿತ್ತು, ಜೊತೆಗೆ ರಸಾಯನಶಾಸ್ತ್ರದ ಮೇಡಂ ಸಾಕ್ಷಿ. ವಾರದೊಳಗೆ ಬೇವಿನ ಮರದ ಕೆಳಗೆ ನೊಣ ಹಾರುತ್ತಿತ್ತು. ಯಾರೋ ದಿನಾ ಬೆಳಿಗ್ಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಖಾಲಿ ಕ್ವಾರ್ಟರ್ ಬಾಟಲಿ ಇಟ್ಟು ಹೋಗುತ್ತಿದ್ದರು. ಅವರು ಅದನ್ನು ಎತ್ತಿ ಪಕ್ಕಕ್ಕಿಟ್ಟು, ನೆಲ ಒರೆಸಿ, ಗ್ಲಾಸು ತೂಗುಹಾಕಿ ನಿಲ್ಲುತ್ತಿದ್ದರು. ಬೋರ್ಡನ್ನು ಮಾತ್ರ ತೆಗೆಯಲಿಲ್ಲ. ಎಷ್ಟು ಗಟ್ಟಿ ಮನುಷ್ಯ ಎಂದು ನನಗೆ ಇನ್ನೂ ಸಿಟ್ಟು ಬಂತು.

ಕಾವ್ಯ ಮಾತ್ರ ನನ್ನ ಮಾತು ನಂಬಲಿಲ್ಲ. "ಅಮ್ಮ, ಅವರ ಕೈಯಲ್ಲಿ ಅಂಥದ್ದು ಆಗಲ್ಲ" ಎಂದಳು. ಸಾಕ್ಷಿ ಕೇಳಿದರೆ ಇಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿ ಇಷ್ಟು ಸಲೀಸಾಗಿ ನಂಬುವ ಗುಣ ಎಲ್ಲಿಂದ ಬಂತೋ, ಅವರಪ್ಪನದೇ ಇರಬೇಕು.

ಅವಳಿಗೆ ಏಳು ತುಂಬಿತ್ತು. ಒಂದು ಮಧ್ಯಾಹ್ನ ನಾನು ತೂಕಡಿಸುತ್ತಿದ್ದಾಗ ಚಪ್ಪಲಿ ಮೆಟ್ಟಿಕೊಂಡು ಹೋದ ಸದ್ದಾಯಿತು. ಎದ್ದು ಹಿಂಬಾಲಿಸಿದೆ. ಕೋಟೆ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು, ಓಣಿಯಲ್ಲಿ ಜನವಿರಲಿಲ್ಲ. ನಾನು ಔಷಧಿ ಅಂಗಡಿಯ ನೆರಳಲ್ಲಿ ನಿಂತು ನೋಡಿದೆ. ಅವರು ಕುಲುಕಿ, ಮೂಸಿ, ಗ್ಲಾಸಿಗೆ ಸುರಿದು ಅವಳ ಕೈಗೆ ಕೊಟ್ಟರು. ಅವಳು ಬಾಯಿಗೆ ಎತ್ತುವಷ್ಟರಲ್ಲಿ ಕೈಯಿಂದ ಗ್ಲಾಸನ್ನು ಕಿತ್ತುಕೊಂಡು ಚರಂಡಿಗೆ ಚೆಲ್ಲಿದರು.

ನಾನು ದಾಪುಗಾಲು ಹಾಕಿ ಹೋದೆ. ನನ್ನ ಮೇಲಿನ ಸೇಡನ್ನು ಬಸುರಿ ಮಗಳ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

"ಉಂಗುರ ತಗೀರಿ ನೋಡಾಣ," ಎನ್ನುತ್ತಿದ್ದರು ಅವರು ಕಾವ್ಯಳಿಗೆ.

ಅವಳು ಎಳೆದಳು. ಉಂಗುರ ಬರಲಿಲ್ಲ. ಬೆರಳಿನ ಮಾಂಸದಲ್ಲಿ ಹೂತುಹೋಗಿತ್ತು.

"ಹೋದ ವಾರ ಈ ಉಂಗುರ ಗ್ಲಾಸಿಗೆ ಟಣ್ ಅಂತ ಬಡೀತಿತ್ತು. ಸಡಿಲ ಇತ್ತು. ತಲೆನೋವು ಐತಾ?"

"ಎರಡು ದಿನದಿಂದ. ಬಿಸಿಲಿಗೆ ಅಂದ್ಕಂಡೆ."

"ಕಣ್ಮುಂದೆ ಮಿಣುಕು ಮಿಣುಕು?"

ಕಾವ್ಯ ನನ್ನ ಕಡೆ ನೋಡಿದಳು. ನನಗೆ ಹೇಳದೇ ಇದ್ದದ್ದನ್ನು ಅವರಿಗೆ ತಲೆ ಆಡಿಸಿ ಹೇಳಿದಳು.

"ಸೀದಾ ಆಸ್ಪತ್ರೆಗೆ ನಡೀರಿ. ಬಿಪಿ ನೋಡ್ಸಿ."

"ಮೊನ್ನೆ ಮೊನ್ನೆ ತೋರಿಸಿದೀವಿ," ಎಂದೆ ನಾನು. "ಮುಂದಿನ ತಪಾಸಣೆ ಸೋಮವಾರ ಐತೆ. ನೀವೇನು ಡಾಕ್ಟ್ರಾ?"

"ಅಲ್ಲ ಮೇಡಂ. ಬಾರಲ್ಲಿದ್ದೋನು."

"ಮತ್ತೆ?"

"ಅಲ್ಲಿ ಎಷ್ಟೋ ಕೈ ಊದಿದ್ದು ನೋಡಿದೀನಿ. ಈಗ ಕುಡಿಯಲ್ಲ, ಬಿಟ್ಟಿದೀನಿ ಅಂತ ಬಾಯಿ ಹೇಳ್ತಿತ್ತು, ಕೈ ಬೇರೆ ಹೇಳ್ತಿತ್ತು. ಬಸುರೀಲಿ ಕಾಲು ಊದ್ತವೆ, ಸರಿ. ಕೈ ಹಿಂಗೆ ದಿಢೀರ್ ಅಂತ ಊದಬಾರ್ದು. ನಿಮ್ ಕಾರ್ಡಲ್ಲೇ ಬರ್ದೈತೆ, ಓದ್ರಿ."

ನಾನು ಮಗಳ ರಟ್ಟೆ ಹಿಡಿದೆ. ಮನೆಗೆ ನಡಿ ಎಂದೆ. ಆಸ್ಪತ್ರೆಯ ಗೇಟು ಅಲ್ಲಿಂದ ನೂರು ಹೆಜ್ಜೆ. ಬೇರೆ ಯಾರೇ ಹೇಳಿದ್ದರೂ ಓಡಿಹೋಗುತ್ತಿದ್ದೆ. ಅವರು ಹೇಳಿದರು ಎಂಬ ಒಂದೇ ಕಾರಣಕ್ಕೆ ನನ್ನ ಕಾಲು ಮನೆಯ ಕಡೆ ತಿರುಗಿತ್ತು.

ಅವರು ಗಾಡಿಯ ಹಿಂದಿನಿಂದ ಬಂದು ನಮ್ಮ ಮುಂದೆ ನಿಂತರು. ಮೊದಲ ಬಾರಿಗೆ ನನ್ನ ಮುಖ ನೋಡಿ ಮಾತಾಡಿದರು.

"ಮೇಡಂ, ನನ್ ಮ್ಯಾಲೆ ಅನುಮಾನ ಪಡ್ರಿ, ಬ್ಯಾಡ ಅನ್ನಲ್ಲ. ನಾಳೆನೂ ಪಡಬೋದು. ಆ ಊತದ ಮ್ಯಾಲೆ ಇವತ್ತು ಅನುಮಾನ ಪಡ್ರಿ."

ಕಾವ್ಯ ಕೈ ಬಿಡಿಸಿಕೊಂಡು ಗೇಟಿನ ಕಡೆ ನಡೆದಳು. ನಾನು ಹಿಂದೆ ಹೋದೆ, ಗೊಣಗುತ್ತಾ.

ನರ್ಸು ಪಟ್ಟಿ ಸುತ್ತಿ ಗಾಳಿ ಹೊಡೆದಳು. ಇಳಿಸಿದಳು. ಮತ್ತೊಮ್ಮೆ ಹೊಡೆದಳು. ಆಮೇಲೆ ನನ್ನ ಮುಖ ನೋಡದೆ ಎದ್ದು ಡಾಕ್ಟರನ್ನು ಕರೆಯಲು ಹೋದಳು. ಅವತ್ತೇ ಅಡ್ಮಿಟ್ ಮಾಡಿಕೊಂಡರು. ಒಂಬತ್ತು ದಿನ ಔಷಧಿ ಕೊಟ್ಟು ಎಳೆದಾಡಿ, ಹತ್ತನೇ ದಿನ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಎರಡು ಕೇಜಿಗೂ ಬಹಳ ಕಡಿಮೆ. ಗಾಜಿನ ಪೆಟ್ಟಿಗೆಯಲ್ಲಿ ಮೂರು ವಾರ ಇತ್ತು, ನಮ್ಮ ಮನೆತನದ ಹಟವೆಲ್ಲ ತನಗೇ ಬಂದಂತೆ ಬದುಕಿತು. "ಸೋಮವಾರದವರೆಗೆ ಬಿಟ್ಟಿದ್ದರೆ," ಎಂದರು ಡಾಕ್ಟರಮ್ಮ. ಮುಂದೆ ಹೇಳಲಿಲ್ಲ. ತಾಯಿಯೋ ಮಗುವೋ ಎಂದು ನಾನೂ ಕೇಳಲಿಲ್ಲ.

ಆ ಮೂರು ವಾರಗಳಲ್ಲಿ ನಾನು ಮನೆಗೂ ಆಸ್ಪತ್ರೆಗೂ ಓಡಾಡುತ್ತಿದ್ದೆ. ಗಾಡಿಯ ಮುಂದೆಯೇ ಹಾದು ಹೋಗಬೇಕು. ಅವರು ನೋಡಿ ತಲೆಬಾಗಿಸುವರು, ನಾನು ನೋಡದವಳಂತೆ ಹೋಗುವೆ. ಏನೆಂದು ಮಾತಾಡಲಿ? ಮಗಳನ್ನು ಉಳಿಸಿದವರು ನಿಜ. ಆದರೆ ಹಳದಿ ಪುಡಿ? ಅದೂ ನಿಜವಲ್ಲವೇ?

ಒಂದು ಬೆಳಿಗ್ಗೆ ದೋಸೆ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದೆ. ಹುಳಿ ಬಂದು ಉಬ್ಬಿತ್ತು. ಅಭ್ಯಾಸದಂತೆ ಮೂಸಿದೆ. ಮೂಸಿದವಳು ಅಲ್ಲೇ ಕುಳಿತುಬಿಟ್ಟೆ.

ಪ್ರಯೋಗ ಮಾಡುವಾಗ ಪಕ್ಕದಲ್ಲಿ ಇನ್ನೊಂದು ನಳಿಕೆ ಇಡಬೇಕು. ಏನೂ ದೋಷವಿಲ್ಲ ಎಂದು ನಮಗೆ ಗೊತ್ತಿರುವ ವಸ್ತುವನ್ನೂ ಅದೇ ಪರೀಕ್ಷೆಗೆ ಒಡ್ಡಿ ಹೋಲಿಸಬೇಕು. ಇದು ನಾನು ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ. ಅದನ್ನು ಮರೆತ ಮಕ್ಕಳಿಗೆ ಎರಡು ಅಂಕ ಕಳೆಯುತ್ತಿದ್ದೆ, ಅತ್ತರೂ ಕೊಡುತ್ತಿರಲಿಲ್ಲ. ಆ ಮನುಷ್ಯನ ಬಾಟಲಿ ಕೈಗೆ ಸಿಕ್ಕ ದಿನ ನಾನೇ ಅದನ್ನು ಇಟ್ಟಿರಲಿಲ್ಲ. ಉತ್ತರ ಮೊದಲೇ ಗೊತ್ತಿದ್ದವಳಿಗೆ ಹೋಲಿಕೆ ಯಾಕೆ ಬೇಕು?

ದೋಸೆ ಹಿಟ್ಟು, ಹಿಂದಿನ ದಿನದ ರಾಗಿ ಅಂಬಲಿ, ಕಳಿತ ಬಾಳೆಹಣ್ಣು, ಮೂರನ್ನೂ ಡಬ್ಬಿಗಳಲ್ಲಿ ಹಾಕಿಕೊಂಡು ಓಬಣ್ಣನ ಹತ್ತಿರ ಹೋದೆ.

"ಮೇಡಂ, ಇವತ್ತು ತಿಂಡಿ ತಂದಿದೀರಾ?" ಎಂದ.

ಕುದಿಸಿದೆ, ಇಳಿಸಿದೆ, ಅಯೋಡಿನ್ ಹಾಕಿದೆ. ಹಿಟ್ಟಿನದು ಹಳದಿ. ಅಂಬಲಿಯದು ಹಳದಿ. ಬಾಳೆಹಣ್ಣಿನದೂ ಕೊಂಚ ಹಳದಿ. ಹಿಟ್ಟಿನ ನಳಿಕೆಯಲ್ಲಿ ಕೂತದ್ದು ಅವತ್ತು ನಾನು ಗೆದ್ದೆನೆಂದುಕೊಂಡಿದ್ದಕ್ಕಿಂತ ದಪ್ಪಗಿತ್ತು. ಬೆಲ್ಲದ ನೀರಿನಲ್ಲಿ ಸಿಪ್ಪೆ ನಾಲ್ಕು ದಿನ ನೆಂದರೆ ಹುಳಿಯುತ್ತದೆ, ಹುಳಿದರೆ ಲವಲೇಶ ಮದ್ಯಸಾರ ಬರುತ್ತದೆ, ಅಷ್ಟೇ. ನಾನು ಪ್ರತಿದಿನ ಬೆಳಿಗ್ಗೆ ನನ್ನ ಕೈಯಾರೆ ಮಗಳಿಗೆ ಅದಕ್ಕಿಂತ ಹೆಚ್ಚನ್ನು ಅಂಬಲಿಯಲ್ಲಿ ಕುಡಿಸಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಹಿರಿಯರು ಅಂದದ್ದು ನನ್ನನ್ನು ನೋಡಿಯೇ ಇರಬೇಕು.

ಅಲ್ಲಿಂದ ನೇರ ಗಾಡಿಗೆ ಹೋದೆ. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಬಾಯಿ, ಪಾಠದಂತೆ ಒಪ್ಪಿಸಿದೆ. ಬಾಟಲಿ ಒಯ್ದದ್ದು, ಪರೀಕ್ಷೆ, ಗಿರಿಜಕ್ಕ, ದೋಸೆ ಹಿಟ್ಟು. ಅವರು ಗ್ಲಾಸು ಒರೆಸುತ್ತಾ ಕೇಳಿಸಿಕೊಂಡರು.

"ಅವತ್ತೇ ಗೊತ್ತಾತು," ಎಂದರು. "ಮಗಳಿಗೆ ಒಯ್ಯೋರು ಟಿಫನ್ ಡಬ್ಬಿ ತರ್ತಾರೆ. ಬಿರಡೆ ಬಾಟ್ಲಿ ತರಲ್ಲ."

"ಗೊತ್ತಿದ್ದೂ ಯಾಕೆ ಕೊಟ್ರಿ?"

"ನೋಡ್ಲಿ ಅಂತ ಕೊಟ್ಟೆ." ಒರೆಸಿದ ಗ್ಲಾಸನ್ನು ತೂಗುಹಾಕಿ ಕೇಳಿದರು, "ಹಂಗಾದ್ರೆ ಇತ್ತು ಅಂತಾತು."

"ಇತ್ತು ಅಂದ್ರೆ... ದೋಸೆ ಹಿಟ್ಟಲ್ಲಿ ಇರೋವಷ್ಟೂ ಇಲ್ಲ. ಅದರಿಂದ ಏನೂ ಆಗಲ್ಲ. ನಾನು ಎಲ್ಲರಿಗೂ ಹೇಳ್ತೀನಿ."

"ದೋಸೆ ಹಿಟ್ಟು ಮಾರೋರು ಬಾರಲ್ಲಿ ಕೆಲಸ ಮಾಡಿದೋರಲ್ಲ ಮೇಡಂ."

ಹೀಗೆಂದವರೇ ಕಂದು ಬಾಟಲಿ ತೆಗೆದು, ಬಿರಡೆ ಬಿಚ್ಚಿ, ಪೂರ್ತಿ ಚರಂಡಿಗೆ ಬಗ್ಗಿಸಿದರು. ಕ್ಷಮೆ ಕೇಳಲು ಹೋದವಳು ನಾನು. ನಾನು ತಪ್ಪಿಲ್ಲ ಎಂದರೂ ತಪ್ಪನ್ನು ಎತ್ತಿಕೊಂಡವರು ಅವರು. ನನ್ನ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡೆ, ಧೂಳು ಎಂದೆ. ಮರುದಿನದಿಂದ ಅವರು ಸಿಪ್ಪೆ ಶುಂಠಿಯನ್ನು ಬೆಳಿಗ್ಗೆ ಕುದಿಸಿ ತಂದು ಸಂಜೆ ಉಳಿದದ್ದನ್ನು ಚೆಲ್ಲುತ್ತಿದ್ದರು.

ಅವತ್ತೇ ನಾನೂ ಕೇಳಿದೆ, ಬಾರು ಯಾಕೆ ಬಿಟ್ಟಿರೆಂದು. ಮೂರನೇ ಉತ್ತರ ಬಂತು.

"ಅಲ್ಲಿ ಮಾಲೀಕರು ಹೇಳಿದಂಗೆ ಇಪ್ಪತ್ತೆರಡು ವರ್ಷ ಬ್ರಾಂದಿಗೆ ನೀರು ಬೆರೆಸಿದೆ ಮೇಡಂ, ಅಗ್ಗದ್ದು ತುಟ್ಟಿ ಬಾಟ್ಲಿಗೆ ತುಂಬಿದೆ. ಒಬ್ರಾದ್ರೂ ಒಂದ್ ದಿನ ಏನ್ ಹಾಕಿದೀಯೋ ಅಂತ ಕೇಳಲಿಲ್ಲ. ಏನ್ ಕೊಟ್ರೂ ಕುಡಿದ್ರು. ನಂಬಿದ್ರು ಅಂತ ಅಲ್ಲ, ಅವರಿಗೆ ಬೇಕಾಗಿರಲಿಲ್ಲ. ನೀವು ಬಾಟ್ಲಿ ತಂದಾಗ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಆದ್ರೂ ಅಂದ್ಕಂಡೆ, ಈ ಯಮ್ಮ ಆ ಹುಡುಗೀನ ಬಾಳ ಜೋಪಾನ ಮಾಡ್ತಾಳೆ ಅಂತ."

ಈ ಮೂರನೇ ಉತ್ತರವಾದರೂ ನಿಜವೋ, ನನಗೆ ಸಮಾಧಾನವಾಗಲಿ ಎಂದು ಕಟ್ಟಿದ್ದೋ ಗೊತ್ತಿಲ್ಲ. ಅನುಮಾನ ಒಂದೇ ಏಟಿಗೆ ಸಾಯುವ ಪ್ರಾಣಿಯಲ್ಲ.

ಹೋದ ಗಿರಾಕಿಗಳನ್ನು ತರುವುದು ಹೇಗೆ? ಬೋರ್ಡು ಬರೆಸೋಣ ಎಂದೆ. ಬೇಡ ಎಂದರು. "ದಿನಾ ಸಂಜೆ ಬಂದು ಇಲ್ಲಿ ನಿಂತು ಒಂದ್ ಗ್ಲಾಸು ಕುಡೀರಿ, ಸಾಕು." ಸರಿ, ಅರವತ್ತೆರಡರ ವಿಧವೆ ನಾನು, ಓಣಿಯ ನಡುವೆ ಕಾಲುಳ್ಳ ಗ್ಲಾಸು ಹಿಡಿದು ನಿಂತೆ. ಅದಕ್ಕೂ ಮೊದಲು ಅವರು ಕೈ ಚಾಚಿದರು.

"ಕಾರ್ಡ್?"

"ನನಗೆ ಎಲ್ಲಿಂದ ತರಲಿ ಕಾರ್ಡ್?"

"ಸಕ್ಕರೆ ರಿಪೋರ್ಟ್ ತರ್ರಿ ಮತ್ತೆ."

ತಂದೆ. ಓದಿ, ತಲೆ ಆಡಿಸಿ, ದಾಳಿಂಬೆ ಪಕ್ಕಕ್ಕಿಟ್ಟು ಉಪ್ಪು ನಿಂಬೆ ಜೀರಿಗೆ ಕುಲುಕಿ ಕೊಟ್ಟರು. ಒಂದೂವರೆ ತಿಂಗಳು ಹಾಗೆ ನಿಂತೆ. ಮೊದಲ ವಾರ ಜನ ದೂರದಿಂದ ನೋಡಿದರು. ಎರಡನೇ ವಾರ ಅತ್ತೆಯರು ಹತ್ತಿರ ಬಂದು ನನ್ನ ಗ್ಲಾಸು ಮೂಸಿದರು. "ಮೂಸ್ರಿ, ಮೂಸ್ರಿ," ಎನ್ನುತ್ತಿದ್ದೆ. ಗಿರಿಜಕ್ಕನಿಗೆ ದೋಸೆ ಹಿಟ್ಟಿನ ಕಥೆಯನ್ನು ನಾಲ್ಕು ಸಲ ಹೇಳಿದೆ. ಕೆಟ್ಟದ್ದು ಒಂದೇ ಸಲಕ್ಕೆ ಊರು ಸುತ್ತಿತ್ತು, ಒಳ್ಳೆಯದನ್ನು ತಳ್ಳಿ ತಳ್ಳಿ ನಡೆಸಬೇಕಾಯಿತು. ನಿಧಾನವಾಗಿ ಹುಡುಗಿಯರು ಬಂದರು. ಎಲ್ಲರೂ ಬರಲಿಲ್ಲ. ಕೆಲವರು ಇವತ್ತಿಗೂ ಆ ಗಾಡಿಯಲ್ಲಿ ಏನೋ ಇತ್ತು ಎನ್ನುತ್ತಾರೆ. ಆ ಮಾತಿಗೆ ತಾಯಿ ನಾನು.

ಈಗ ಬೇವಿನ ಮರದ ಕೆಳಗೆ ಬೇರೆ ಗಾಡಿ ಬಂದಿದೆ. ಬಣ್ಣದ ದೀಪ, ಪ್ಲಾಸ್ಟಿಕ್ ಗ್ಲಾಸು. ಯಾರು ಬಂದರೂ ಕೊಡುತ್ತಾರೆ, ಕಾರ್ಡು ಕೇಳುವವರಿಲ್ಲ.

ಮೊನ್ನೆ ಮದುವೆಯೊಂದಕ್ಕೆ ಹೊಳಲ್ಕೆರೆಗೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ವಾಪಸ್ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಒಬ್ಬ ಬಸುರಿ ಹುಡುಗಿ, ಜೊತೆಗೆ ಅವಳ ಅತ್ತೆ. ಹುಡುಗಿ ಟೀ ಗ್ಲಾಸು ಹಿಡಿದಿದ್ದಳು. ನಾನು ಅವಳ ಮುಖ ನೋಡಲಿಲ್ಲ. ಬೆರಳು ನೋಡಿದೆ. ಉಂಗುರದ ಎರಡೂ ಬದಿಗೆ ಮಾಂಸ ಉಬ್ಬಿ ನಿಂತಿತ್ತು. ಇನ್ನೊಂದು ಕೈಯಲ್ಲಿ ಹಣೆ ಒತ್ತಿಕೊಳ್ಳುತ್ತಿದ್ದಳು.

ಎದ್ದು ಹೋಗಿ ಎದುರಿಗೆ ನಿಂತೆ. "ಎಷ್ಟನೇ ತಿಂಗಳಮ್ಮ? ತಾಯಿ ಕಾರ್ಡ್ ಐತಾ? ತೋರ್ಸು ನೋಡಾಣ."

ಹುಡುಗಿ ಬ್ಯಾಗನ್ನು ಎದೆಗೆ ಅವಚಿಕೊಂಡಳು. ಅತ್ತೆ ನಮ್ಮಿಬ್ಬರ ನಡುವೆ ಬಂದು ನಿಂತಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಕನ್ನಡಿಯಲ್ಲಿ ಅರವತ್ತು ವರ್ಷ ನೋಡಿದ್ದೇನೆ.

"ಯಾರ್ರೀ ನೀವು? ಡಾಕ್ಟ್ರಾ?"

"ಅಲ್ಲಮ್ಮ," ಎಂದೆ. "ನನ್ ಮ್ಯಾಲೆ ಎಷ್ಟ್ ಬೇಕಾದ್ರೂ ಅನುಮಾನ ಪಡು. ಮೊದಲು ಆ ಉಂಗುರ ಬರ್ತೈತಾ ನೋಡು."

ಅವಳು ನನ್ನ ಮೇಲಿಟ್ಟ ಕಣ್ಣನ್ನು ತೆಗೆಯದೆ, ಸೊಸೆಯ ಕೈ ಹಿಡಿದು ಉಂಗುರ ಎಳೆದಳು. ಬರಲಿಲ್ಲ. ಆಗ ಬಗ್ಗಿ ಬೆರಳು ನೋಡಿದಳು.

ಚಿತ್ರದುರ್ಗದ ಬಸ್ಸು ಬಂತು. ನಾನು ಹತ್ತಲಿಲ್ಲ. ಆಟೋ ಕರೆದೆ. ಅತ್ತೆ ಸೊಸೆಯನ್ನು ಒಳಗೆ ಕೂರಿಸಿ, ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ಆಟೋದವನಿಗೆ ಎರಡೆರಡು ಸಲ, "ಸರ್ಕಾರಿ ಆಸ್ಪತ್ರೆಗೇ ಹೋಗಪ್ಪ, ಬೇರೆಲ್ಲೂ ಬ್ಯಾಡ" ಎಂದು, ಹೊರಟ ಮೇಲೂ ಹೊರಗೆ ಇಣುಕಿ ನಾನು ಹಿಂದೆ ಬರುತ್ತಿದ್ದೇನೆಯೇ ಎಂದು ನೋಡುತ್ತಿದ್ದಳು. ಜೋಪಾನದ ಹೆಂಗಸು. ನನಗೆ ಅವಳ ಮೇಲೆ ತುಂಬ ಪ್ರೀತಿ ಬಂತು.